ಸದನದ ಉತ್ತರದಲ್ಲಿದ್ದ ದನದ ಡಾಕ್ಟರು

ಅಂಕಮ್ಮನ ಹಸು ಏಳು ತಿಂಗಳ ಗಬ್ಬ. ಹೋದ ಸಲ ಕರು ಅಡ್ಡ ತಿರುಗಿದಾಗ ನೋಡುವವರಿಲ್ಲದೆ ಕರು ಸತ್ತಿತ್ತು. ಕೊಪ್ಪದಾಚೆಯ ಅವಳ ಊರಿನಲ್ಲಿ ದನದ ಆಸ್ಪತ್ರೆ ಇದೆ, ಬೋರ್ಡೂ ಇದೆ. ಡಾಕ್ಟರು ಮಾತ್ರ ಇರಲಿಲ್ಲ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು. ಆದರೆ ಶಾಸಕರು ಬಂದ ದಿನ ಊರಿನವರು ಮೈಸೂರು ಪೇಟ ತೊಡಿಸಿದರು, ಹಾರ ಹಾಕಿದರು, ಬಾಡೂಟ ಬಡಿಸಿ ಕಾರು ಹತ್ತಿಸಿದರು. ಡಾಕ್ಟರ ವಿಷಯ ನೆನಪಾದದ್ದು ಕಾರು ಕೊಪ್ಪ ದಾಟಿದ ಮೇಲೆ.

ಒಂದು ಮಧ್ಯಾಹ್ನ ಅಂಕಮ್ಮನ ಸೊಸೆ ರಂಜಿತ ವಿಧಾನಸಭೆಯ ಕಲಾಪವನ್ನು ಫೋನಿನಲ್ಲಿ ನೇರವಾಗಿ ನೋಡುತ್ತಿದ್ದಳು. ಯಾರೋ ಸದಸ್ಯರ ಪ್ರಶ್ನೆಗೆ ಮಂತ್ರಿಗಳು, ಜಿಲ್ಲೆಯ ದನದ ಆಸ್ಪತ್ರೆಗಳಲ್ಲೆಲ್ಲ ಡಾಕ್ಟರಿದ್ದಾರೆ ಎಂದು ಉತ್ತರಿಸಿದರು. ಅವಳು ಅದನ್ನು ಮಾವ ಶಿವಣ್ಣನಿಗೆ ತೋರಿಸಿದಳು. ಅವನು ನಕ್ಕುಬಿಟ್ಟ.

"ದೊಡ್ಡೋರು ಮಾತಾಡ್ಕತಾರೆ ಬುಡವ್ವ. ಫೋನ್ ನೋಡುದ್ರೆ ಡಾಕ್ಟ್ರು ಬಂದ್ಬುಡ್ತಾರಾ?"

"ಅಲ್ಲಿ ಯೋಳಿದ್ದು ದಿಟ ಅಲ್ಲ ಅಂತ ಯಾರ್ ಯೋಳ್ಬೇಕು ಮಾವ? ನಾವ್ ತಾನೆ?"

ಮಂತ್ರಿಗಳಿಗೆ ಕೆಳಗಿನವರು ತಪ್ಪು ಮಾಹಿತಿ ಕೊಟ್ಟಿರಬಹುದು, ನಮ್ಮ ಶಾಸಕರಿಗೂ ಗೊತ್ತಿಲ್ಲದಿರಬಹುದು ಎಂದು ಅವಳು ಬಿಡಿಸಿ ಹೇಳಿದಳು. ಡೇರಿಗೆ ಹಾಲು ಹಾಕುವ ಹೆಂಗಸರನ್ನು ಕರೆದುಕೊಂಡು ಹೋಗಿ, ಬೀಗ ಹಾಕಿದ ಆಸ್ಪತ್ರೆಯನ್ನು ದಿನಾಂಕ, ಜಾಗ ಮೂಡುವಂತೆ ಫೋಟೊ ತೆಗೆದಳು. ಮಂತ್ರಿಗಳ ಮಾತಿನ ವಿಡಿಯೊ ಜೊತೆಗೆ, ಅರ್ಜಿಗೆ ಎಲ್ಲರ ಸಹಿ ಹಾಕಿಸಿ, ಶಾಸಕರಿಗೆ ಕಳಿಸಿದಳು. ಅದೇ ಅಧಿವೇಶನದಲ್ಲಿ ಶಾಸಕರು ಎದ್ದು ನಿಂತು ಕೇಳಿದರು. ಡೇರಿ ಮುಂದೆ ಒಂದೇ ಫೋನಿಗೆ ಅರ್ಧ ಊರು ಬಗ್ಗಿತ್ತು. ಮಂತ್ರಿಗಳು ತಪ್ಪಾಗಿದೆ ಎಂದು ಒಪ್ಪಿ, ಡಾಕ್ಟರನ್ನು ಕಳಿಸುವ ಮಾತು ಕೊಟ್ಟರು. ತಿಂಗಳೊಳಗೆ ಡಾಕ್ಟರ್ ವೀಣ ಬಂದರು.

ಹಸುವಿಗೆ ನೋವು ಬಂದಾಗ ಕರು ಈ ಸಲವೂ ಅಡ್ಡ. ಡಾಕ್ಟರು ಒಳಗೆ ಕೈಹಾಕಿ, ಬೆವರು ಸುರಿಸಿ, ಕರುವನ್ನು ತಿರುಗಿಸಿ ಎಳೆದುಕೊಂಡರು. ಹೆಣ್ಣು ಕರು. ಶಿವಣ್ಣ ಡಾಕ್ಟರಿಗೆ ಕೈಮುಗಿದ.

ಗಿಣ್ಣು ಮಾಡಿದ ದಿನ ಅಂಕಮ್ಮ ಕೇರಿಗೆಲ್ಲ ಹಂಚಿ, ಶಾಸಕರಿಗೂ ಒಂದು ಡಬ್ಬಿ ಕಳಿಸಬೇಕೆಂದು ಹಟ ಹಿಡಿದಳು. ಬೆಂಗಳೂರು ಮುಟ್ಟುವಷ್ಟರಲ್ಲಿ ಕೆಡುತ್ತದೆ ಎಂದು ಅವಳನ್ನು ತಡೆದು, ಶಿವಣ್ಣನೇ ಸೊಸೆಯನ್ನು ಕರೆದ.

"ಫೋನ್ ತಗಂಡು ಬರಿ ಕಣವ್ವ. ನೀವ್ ಕೇಳುದ್ರಿ, ನಮ್ ಕರ ಉಳೀತು, ನಿಮ್ಗೆ ಒಳ್ಳೇದಾಗ್ಲಿ ಅಂತ ಬರಿ. ಅಂಗೇ ನಮ್ ಬೀದಿ ದೀಪದ ವಿಸ್ಯ ಯಾವಾಗ ಕೇಳ್ತೀರಿ ಅಂತಾನೂ ಬರಿ."

ಅಕ್ಕಂದಿರೇ, ಅಣ್ಣಂದಿರೇ, ಸದನದ ಮಾತು ಈಗ ನಿಮ್ಮ ಅಂಗೈಯಲ್ಲೇ ಕೇಳಿಸುತ್ತದೆ. ನಿಮ್ಮೂರಿನ ಬಗ್ಗೆ ಏನು ಹೇಳಿದರೆಂದು ನೋಡಿ. ನಿಜವಾಗಿದ್ದರೆ ಉಪಕಾರ ಸ್ಮರಿಸಿ. ಅಲ್ಲದಿದ್ದರೆ ಹೆಸರು ಹಾಕಿ, ಸಾಕ್ಷಿ ಸಮೇತ ನಿಮ್ಮ ಶಾಸಕರಿಗೆ ತಿಳಿಸಿ. ಸದನದಲ್ಲಿ ಕೇಳುವವರು ಅವರು. ಊರಲ್ಲಿ ಕಣ್ಣಿಟ್ಟು ನೋಡಿ ಹೇಳಬೇಕಾದವರು ನಾವು.