ಒಂದು ಸೈಜು ದೊಡ್ಡ ಟೈರು

ನಮ್ಮ ಮನೆಗಾಡಿಯ ಟೈರುಗಳನ್ನು ನೋಡಿದವರೆಲ್ಲ ಹೊಸದು ಹಾಕಿಸಿದಿರಾ ಎಂದೇ ಕೇಳುತ್ತಿದ್ದರು. ಕೇಳದೆ ಏನು ಮಾಡುತ್ತಾರೆ? ಭಾನುವಾರ ಬಂತೆಂದರೆ ಇವರು ಒಂದು ಬಕೆಟ್ಟು ನೀರು, ಹಳೆ ಬನಿಯನ್ನಿನ ತುಂಡು ಹಿಡಿದುಕೊಂಡು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದೊಂದು ಟೈರನ್ನೂ ಮಗುವಿನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದರು. ನನಗೆ ಬೆನ್ನು ಹಿಡಿದುಕೊಂಡಾಗ ಮಾತ್ರ ಮುಲಾಮಿನ ಡಬ್ಬಿ ಎಲ್ಲಿದೆ ಎಂದು ಕೇಳುವುದಕ್ಕೇ ಇವರಿಗೆ ಅರ್ಧ ದಿನ ಬೇಕು.

ಇವರು ಎಂದರೆ ನನ್ನ ಗಂಡ. ಕಸುಬಿನಲ್ಲಿ ದರ್ಜಿ. ನಾನು ನಿವೃತ್ತಿಯಾಗುವವರೆಗೂ ಬಸ್ಸು ಓಡಿಸಿದವಳು. ನಮ್ಮಿಬ್ಬರ ಜೋಡಿ ನೋಡಿ ಮದುವೆಯ ಹೊತ್ತಿನಲ್ಲಿ ನಕ್ಕವರು ಬಹಳ ಮಂದಿ. ನಗಲಿ, ಹಲ್ಲು ಅವರದು.

ಕೆಲಸ ಬಿಟ್ಟ ವರ್ಷ ಇಬ್ಬರೂ ಸೇರಿ ಈ ಗಾಡಿ ಕೊಂಡೆವು. ಮುಂದೆ ಎರಡು ಸೀಟು, ಹಿಂದೆ ಒಂದು ಹಾಸಿಗೆ, ಒಲೆ, ಮಡಚುವ ಮೇಜು, ಮುಖ ತೊಳೆಯಲು ಒಂದು ಪುಟ್ಟ ತೊಟ್ಟಿ. ಪರದೆ, ದಿಂಬಿನ ಕವರು ಎಲ್ಲಾ ಇವರದೇ ಹೊಲಿಗೆ. ಓಡಿಸುವುದು ನನ್ನ ಪಾಲು. ಇವರು ಪಕ್ಕದಲ್ಲಿ ಕೂತು ಮಾತಾಡುವುದು. ಮನೆಯಲ್ಲಿದ್ದರೆ ಇವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವರ ಹಾಗೆ ಹೂಂ, ಊಹೂಂ ಅಷ್ಟೇ. ಗಾಡಿ ಊರ ಗಡಿ ದಾಟಿತೋ, ಸೂಜಿಗಳೆಲ್ಲ ಉದುರಿ ಮಾತು ಶುರು. ಯಾರ ಕೋಟಿನ ಜೇಬಲ್ಲಿ ಯಾರ ಪ್ರೇಮಪತ್ರ ಸಿಕ್ಕಿತು, ಯಾವ ಮದುಮಗ ಅಳತೆ ಕೊಡುವಾಗ ಅತ್ತ, ಇಂಥವೇ. ನನಗೆ ಊರು ನೋಡುವ ಚಪಲ ಅಷ್ಟೇನೂ ಇಲ್ಲ. ಈ ಮಾತು ಕೇಳುವುದಕ್ಕೇ ನಾನು ಗಾಡಿ ಓಡಿಸುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅದಕ್ಕೂ ಕಲ್ಲು ಬಿತ್ತು. ಬೆಟ್ಟದ ಇಳಿಜಾರಿನಲ್ಲಿ ಬಿದ್ದಿದ್ದ ಹಿಮ ಕರಗಿ ರಸ್ತೆ ಕೆಸರಾಗಿತ್ತು. ಬ್ರೇಕು ಒತ್ತಿದೆ, ಗಾಡಿ ನನ್ನ ಮಾತು ಕೇಳಲಿಲ್ಲ. ಅಷ್ಟು ಭಾರದ ಗಾಡಿ ಸೋಪಿನ ತುಂಡಿನ ಹಾಗೆ ಜಾರಿ, ತಡೆಗೋಡೆಗೆ ಒಂದು ಗೇಣು ಇರುವಾಗ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮನೆ ಸೇರಿದ ಎರಡು ದಿನಕ್ಕೆ ಇವರು ಕತ್ತರಿಗೆ ಎಣ್ಣೆ ಬಿಡುತ್ತಾ ತಲೆಯೆತ್ತದೆ ಹೇಳಿದರು, "ಇನ್ಮೇಲೆ ನಾನು ಬರಲ್ಲ ಕಣೆ. ನಂಗೆ ಭಯ ಆಗುತ್ತೆ."

ನಾನು ಮೊದಲು ತಮಾಷೆ ಎಂದುಕೊಂಡೆ. ಬೇಸಿಗೆ ಬಂತು, ಇವರು ಹತ್ತಲಿಲ್ಲ. ಮಳೆ ಬಂತು, ಹತ್ತಲಿಲ್ಲ. ಗಾಡಿ ಅಂಗಳದಲ್ಲೇ ನಿಂತಿತು, ಇವರು ಒರೆಸುತ್ತಲೇ ಇದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಎದುರುಮನೆಯವಳಿಗೆ, ನನ್ನ ತಂಗಿಗೆ, ಹಾಲಿನ ಅಂಗಡಿಯವನಿಗೆ, ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ, ನಮ್ಮೋರು ಪುಕ್ಕಲು, ಒಂದು ಸಲ ಜಾರಿದ್ದಕ್ಕೆ ಜೀವ ಬಾಯಿಗೆ ಬಂದುಬಿಟ್ಟಿದೆ ಅಂತ. ಇವರಿಗೂ ಕೇಳಿಸುತ್ತಿತ್ತು. ಇವರು ಅದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಒಬ್ಬಳೇ ಹೋಗಬಹುದಿತ್ತಲ್ಲ ಎಂದು ತಂಗಿ ಕೇಳಿದಳು. ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಎಲ್ಲಿಗೆ ಹೋಗಲಿ? ಇವರನ್ನು ಮತ್ತೆ ಆ ಸೀಟಿಗೆ ಹತ್ತಿಸಬೇಕು, ಇಲ್ಲದಿದ್ದರೆ ಆ ಮಾತು ನನ್ನ ಪಾಲಿಗೆ ಇನ್ನಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ.

ಕೊನೆಗೆ ಗಾಳಿಯಣ್ಣನ ಹತ್ತಿರ ಹೋದೆ. ಗಾಳಿಯಣ್ಣ ನಮ್ಮ ಬಸ್ ಡಿಪೋದಲ್ಲಿ ಗಾಳಿ ತುಂಬುತ್ತಿದ್ದವನು, ಈಗ ನಮ್ಮ ಬೀದಿಯ ಕೊನೆಯಲ್ಲಿ ಸ್ವಂತ ಟೈರಿನ ಅಂಗಡಿ ಇಟ್ಟಿದ್ದಾನೆ. ಅವನು ನಮ್ಮ ಅಂಗಳಕ್ಕೇ ಬಂದು ಟೈರಿನ ಪಕ್ಕೆಯನ್ನು ಹೆಬ್ಬೆರಳಲ್ಲಿ ಒತ್ತಿದ. ಹೊಳೆಯುವ ಕಪ್ಪಿನೊಳಗೆ ಸಣ್ಣ ಸಣ್ಣ ಬಿರುಕು ಬಾಯಿಬಿಟ್ಟವು.

"ಮೇಲೆ ಥಳಕು, ಒಳಗೆ ಹುಳುಕು," ಎಂದ. "ಮನೆಗಾಡಿ ಟೈರು ಓಡಿ ಸವೆಯಲ್ಲ ಡ್ರೈವರಮ್ಮ, ನಿಂತೂ ನಿಂತೂ ಮುದಿಯಾಗುತ್ತೆ. ರಬ್ಬರು ಗಟ್ಟಿಯಾಗಿಬಿಟ್ಟಿದೆ. ಚಳೀಲಿ ಇದು ಎಲ್ಲಿ ಹಿಡಿಯುತ್ತೆ ರೋಡನ್ನ?"

ಬೇಸಿಗೆ ಟೈರು ಚಳಿಗೆ ಕಲ್ಲಾಗುತ್ತದೆ, ಚಳಿಗಾಲದ್ದು ಬಿಸಿಲಿಗೆ ಮೆತ್ತಗಾಗಿ ಬೇಗ ಸವೆಯುತ್ತದೆ, ನಮ್ಮಂಥವರಿಗೆ ಎಲ್ಲ ಕಾಲದ್ದೇ ಸರಿ, ಆದರೆ ಹಿಂದೆ ಸಂಸಾರವನ್ನೇ ಹೊತ್ತ ಗಾಡಿಯಾದ್ದರಿಂದ ಭಾರ ತಡೆಯುವಂಥದ್ದು ಬೇಕು ಎಂದು ವಿವರಿಸಿದ. ಇದೇನೂ ನನಗೆ ಹೊಸದಲ್ಲ. ಆಗಲೇ ಹೂಂ ಎಂದುಬಿಟ್ಟಿದ್ದರೆ ಸಂಜೆಗೆ ಮುಗಿಯುತ್ತಿತ್ತು. ಆದರೆ ನನಗೊಂದು ಉಪಾಯ ಹೊಳೆಯಿತು. ಇವರು ತಮ್ಮ ಕೈಯಲ್ಲಿ ಮುಟ್ಟಿ ಆರಿಸದ ಯಾವ ವಸ್ತುವನ್ನೂ ನಂಬುವವರಲ್ಲ. ಟೈರನ್ನು ಇವರೇ ಆರಿಸಲಿ, ನಂಬಿಕೆ ಬಂದರೆ ತಾವಾಗೇ ಹತ್ತುತ್ತಾರೆ.

ಆರಿಸಲು ಕರೆದುಕೊಂಡು ಹೋದೆ ನೋಡಿ, ಅಲ್ಲಿಂದ ನನ್ನ ತಲೆ ಚಿಟ್ಟು ಹಿಡಿಯಿತು. ಇವರು ಕನ್ನಡಕ ಹಣೆಗೇರಿಸಿ ಒಂದೊಂದು ಟೈರಿನ ಅಂಚನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದರು. ಕಣ್ಣು ಮುಚ್ಚಿ ಉಜ್ಜಿದರು. ಮೂಸಿಯೂ ನೋಡಿದರು. ಮೇಲಿನ ಸಣ್ಣ ಸೀಳುಗಳ ಮೇಲೆ ಉಗುರು ಓಡಿಸಿ, "ಇದರ ಗೀರು ಒತ್ತಾಗಿದೆ, ಅದರದ್ದು ವಿರಳ," ಎಂದರು.

"ಒತ್ತಾಗಿರೋದು ನೀರು ಚೆನ್ನಾಗಿ ತಳ್ಳುತ್ತೆ ಸ್ವಾಮಿ, ಮಂಜಲ್ಲೂ ಕಚ್ಚುತ್ತೆ," ಎಂದ ಗಾಳಿಯಣ್ಣ.

"ಒಳಗೆ ಎಷ್ಟು ಪದರ ಬಟ್ಟೆ?"

"ಬಟ್ಟೆ ಇದೆ, ತಂತೀನೂ ಇದೆ. ಒಗೆದ್ರೆ ಕುಗ್ಗಲ್ಲ, ಬಣ್ಣಾನೂ ಹೋಗಲ್ಲ. ಸಾಕಾ?"

ಇವರು ನಗಲಿಲ್ಲ. ಆರಿಸಲೂ ಇಲ್ಲ. ನಾಳೆ ನೋಡೋಣ ಎಂದರು. ಮರುದಿನ ಬೆಳಕಿನಲ್ಲಿ ಹಿಡಿದು ನೋಡಬೇಕು ಎಂದರು. ಅದರ ಮರುದಿನ ನನ್ನ ಸಹನೆಯ ಕಟ್ಟೆ ಒಡೆಯಿತು.

"ನನ್ನ ಒಪ್ಪೋದಕ್ಕೂ ಇಷ್ಟು ಹೊತ್ತು ತಗೊಂಡಿರಲಿಲ್ಲ ನೀವು," ಎಂದೆ.

"ಆಗ ಕಣ್ಣು ಚೆನ್ನಾಗಿತ್ತು. ಒಂದೇ ನೋಟಕ್ಕೆ ಗೊತ್ತಾಯ್ತು," ಎಂದರು.

ಗಾಳಿಯಣ್ಣ ಆ ಕಡೆ ತಿರುಗಿ ಕೆಮ್ಮಿದ. ನನಗೆ ಒಳಗೊಳಗೇ ಹಿತವಾಯಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ನೀವು ಆರಿಸೋದೂ ಬೇಡ, ಹತ್ತೋದೂ ಬೇಡ. ಗಾಡಿ ಮಾರಿಬಿಡೋಣ," ಎಂದು ಹೇಳಿ ದಡದಡ ಮನೆಗೆ ಬಂದೆ. ಇವರು ಹಿಂದೆಯೇ ಬಂದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆಡಿದ ಮಾತು ನನಗೇ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು.

ವಾರ ಕಳೆದಿರಲಿಲ್ಲ, ಗಾಳಿಯಣ್ಣನ ಫೋನು. "ನಿಮ್ಮ ಟೈರು ಬಂದಿದೆ ಡ್ರೈವರಮ್ಮ, ಗಾಡಿ ತಗೊಂಡ್ಬನ್ನಿ."

"ನಾನ್ಯಾವಾಗ ಹೇಳಿದ್ದೆ?"

"ನಿಮ್ಮೋರು ಬಂದು ನೀವು ಹೇಳಿದ್ರಿ ಅಂತ ಆರ್ಡರು ಕೊಟ್ಟು ಹೋದ್ರಲ್ಲ."

ಮೊನ್ನೆ ದಾರದ ಉಂಡೆ ತರುತ್ತೇನೆಂದು ಹೊರಟವರು ಅಲ್ಲಿಗೆ ಹೋಗಿದ್ದರು. ನಾನು ಏನೂ ಕೇಳದೆ ಗಾಡಿ ತೆಗೆದೆ. ಇವರು ಹತ್ತಲಿಲ್ಲ, ಬೀದಿಯ ಅಂಚಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ನಡೆದೇ ಬಂದರು. ಗಾಳಿಯಣ್ಣ ಮುಂದಿನ ಎರಡು ಟೈರು ಹಾಕಿ ಜಾಕು ಇಳಿಸಿದ. ನಾನು ಸ್ಟಿಯರಿಂಗು ಪೂರ್ತಿ ತಿರುಗಿಸಿದೆ. ಕಿರ್ ಎಂದಿತು. ಇನ್ನೊಂದು ಕಡೆ ತಿರುಗಿಸಿದೆ, ಅಲ್ಲೂ ಕಿರ್. ಟೈರು ಮಡ್‌ಗಾರ್ಡಿನ ಒಳಗೋಡೆಗೆ ಉಜ್ಜುತ್ತಿತ್ತು.

"ನಾನೂ ಅದನ್ನೇ ಅಂದ್ಕೊಂಡೆ," ಎಂದ ಗಾಳಿಯಣ್ಣ ತಲೆ ಕೆರೆದುಕೊಳ್ಳುತ್ತಾ. "ಒಂದು ಸೈಜು ದೊಡ್ಡದು ಯಾಕೆ ಅಂತ. ಡ್ರೈವರಮ್ಮ ಹೇಳಿದ ಮೇಲೆ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಾದೆ."

ಇಬ್ಬರೂ ಇವರ ಕಡೆ ತಿರುಗಿದೆವು. ಇವರು ಅಂಗಡಿಯ ಬಾಗಿಲಿನ ಕಂಬ ಹಿಡಿದುಕೊಂಡು ನಿಂತಿದ್ದರು. "ಸ್ವಲ್ಪ ಬಿಟ್ಟಿರಬೇಕು ಅಲ್ವಾ," ಎಂದರು. "ಯಾವತ್ತೂ ಮೈಗೆ ಸರಿಯಾಗಿ ಹೊಲೀಬಾರದು. ಇನ್ನೂ ಎಷ್ಟೋ ವರ್ಷ ಹಾಕ್ಕೋಬೇಕು. ವಯಸ್ಸಾಗ್ತಾ ಗಾಡೀಲಿ ಸಾಮಾನು ಸೇರುತ್ತೆ, ಮೈ ಬರುತ್ತೆ. ಬಿಗಿಯಾದ್ರೆ ಆಮೇಲೆ ಬಿಚ್ಚಿ ಬಿಡೋಕೆ ಒಳಗೆ ಏನೂ ಇರಲ್ಲ."

ಗಾಳಿಯಣ್ಣ ನಕ್ಕೂ ನಕ್ಕೂ ಟೈರುಗಳ ಅಟ್ಟಿಯ ಮೇಲೆ ಕುಸಿದು ಕೂತ. ನಾನೂ ನಕ್ಕೆ. ಜಗತ್ತಿನಲ್ಲಿ ಟೈರಿಗೆ ಹೊಲಿಗೆಯಂಚು ಬಿಟ್ಟ ಗಂಡಸು ಇವರೊಬ್ಬರೇ ಇರಬೇಕು. ನಗು ಇಳಿದ ಮೇಲೆ ಆ ಮಾತಿನ ಒಂದು ತುದಿ ನನ್ನಲ್ಲಿ ಸಿಕ್ಕಿಕೊಂಡಿತು. ಇನ್ನೂ ಎಷ್ಟೋ ವರ್ಷ ಎಂದಿದ್ದರು.

"ಬರ್ತೀರಾ ಹಾಗಾದ್ರೆ?" ಎಂದೆ.

"ಮೊದಲು ಸರಿಯಾದ್ದು ಹಾಕಿಸು," ಎಂದರು.

ಅದೇ ಮಾದರಿಯ ಎಲ್ಲ ಕಾಲದ ಟೈರು, ಗಾಡಿಯ ಅಳತೆಗೆ ತಕ್ಕದ್ದು, ಎರಡು ದಿನಕ್ಕೆ ಬಂತು. ಗಾಳಿಯಣ್ಣ ನಾಲ್ಕನ್ನೂ ಹಾಕಿ, ದೊಡ್ಡವನ್ನು ವಾಪಸು ಕಳಿಸುತ್ತೇನೆ ಬಿಡಿ, ರೋಡೇ ನೋಡಿಲ್ಲ ಅವು, ಎಂದ.

ಮರುದಿನ ಬೆಳಗ್ಗೆ ತುಂತುರು ಹನಿಯುತ್ತಿತ್ತು. ನಾನು ಟೀ ಕುಡಿದು ಲೋಟ ತೊಳೆಯುವಷ್ಟರಲ್ಲಿ ಇವರು ಕೋಟು ಹಾಕಿಕೊಂಡು ಗಾಡಿಯ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದಾಗಿತ್ತು. ನನ್ನ ಎದೆ ತುಂಬಿ ಬಂತು. ತೋರಿಸಿಕೊಳ್ಳಲಿಲ್ಲ, ಕೊನೆಗೂ ಬುದ್ಧಿ ಬಂತಾ ಎಂದು ಗೊಣಗಿ ಸ್ಟಾರ್ಟು ಮಾಡಿದೆ.

ಊರಾಚೆ ಹಳೆಯ ಗೋದಾಮುಗಳ ಹಿಂದೆ ಒಂದು ಇಳಿಜಾರು ರಸ್ತೆ ಇದೆ, ಆ ಹೊತ್ತಿನಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಅಲ್ಲಿಗೆ ಹೋಗು ಎಂದರು. ಹೋದೆ. ರಸ್ತೆ ನೀರು ಕುಡಿದು ಕಪ್ಪಗೆ ಹೊಳೆಯುತ್ತಿತ್ತು.

"ಈಗ ಬ್ರೇಕು ಹಾಕು. ಜೋರಾಗಿ."

ನಾನು ಹಾಕಲಿಲ್ಲ. ಗಾಡಿ ಹಾಗೇ ನಿಧಾನವಾಗಿ ಕೆಳಗಿಳಿದು ಸಮತಟ್ಟಿನಲ್ಲಿ ತಾನಾಗೇ ನಿಂತಿತು. ತಿರುಗಿಸು, ಇನ್ನೊಂದು ಸಲ ಬಾ ಎಂದರು. ಇನ್ನೊಂದು ಸಲ ಬಂದೆ. ಹಾಕು ಎಂದರು. ನನ್ನ ಬಲಗಾಲು ಬ್ರೇಕಿನ ಮೇಲೇ ಇತ್ತು, ಆದರೆ ಕಾಲು ನನ್ನದಾಗಿರಲಿಲ್ಲ. ಇದೇ ಕಾಲಿನಲ್ಲಿ ಊರಿನ ಅರ್ಧ ಜನವನ್ನು ಹೊತ್ತು ಓಡಾಡಿದವಳು ನಾನು.

ಗಾಡಿ ಬದಿಗೆ ನಿಂತಿತು. "ನಿಮಗೆ ಭಯ ಆಗುತ್ತೇನೋ ಅಂತ ಹಾಕಲಿಲ್ಲ," ಎಂದೆ.

ಇವರು ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದರು. "ನಂಗೇನು ಭಯ ಕಣೆ? ಅವತ್ತು ಗಾಡಿ ಜಾರಿದ್ದೇ ನಾನು ನೋಡಿಲ್ಲ. ನಿದ್ದೆ ಹೋಗಿದ್ದೆ. ಗಾಡಿ ನಿಂತ ಮೇಲೆ ಎಚ್ಚರ ಆಯ್ತು, ನೋಡಿದ್ರೆ ನೀನು ಬಿಳಿಚಿಕೊಂಡು ಕೂತಿದ್ದೆ."

ನಾನು ಹ್ಯಾಂಡ್‌ಬ್ರೇಕು ಎಳೆದು ಇವರ ಕಡೆ ತಿರುಗಿದೆ.

"ಆಮೇಲೆ ರಾತ್ರಿಯೆಲ್ಲ ನಿದ್ದೇಲಿ ನನ್ನ ಕಾಲು ತುಳೀತಿದ್ದೆ, ಬ್ರೇಕು ಅಂತ. ಮನೆಗೆ ಬಂದ ಮೊದಲ ರಾತ್ರಿಯಿಂದ್ಲೇ ಶುರುವಾಗಿ ತಿಂಗಳುಗಟ್ಟಲೆ. ಬೆಳಗೆದ್ದು ಕೇಳಿದ್ರೆ ನಿಂಗೆ ನೆನಪೇ ಇರ್ತಿರ್ಲಿಲ್ಲ. ಇವಳನ್ನ ಮತ್ತೆ ರೋಡಿಗೆ ಹೇಗೆ ಕಳಿಸೋದು ಅಂತ ಯೋಚನೆ ಬಂತು. ಬೇಡ ಅಂದ್ರೆ ನೀನು ಕೇಳೋಳಲ್ಲ. ನಿಂಗೆ ಭಯ ಅಂತ ಅಂದ್ರೆ ಮನೇನೇ ಹೊತ್ತಿ ಉರಿಯುತ್ತೆ. ಅದಕ್ಕೆ ನಂಗೆ ಅಂತ ಹೇಳ್ದೆ. ನೀನು ಗಾಡಿ ಮಾರೋಣ ಅಂದ್ಮೇಲೆ ಮಾತ್ರ ತಡ್ಕೊಳ್ಳೋಕಾಗ್ದೆ ಟೈರಿಗೆ ಹೇಳಿ ಬಂದೆ."

"ಊರಿಗೆಲ್ಲ ನಿಮ್ಮನ್ನ ಪುಕ್ಕಲು ಅಂತ ಸಾರಿಕೊಂಡು ಬಂದ್ನಲ್ರೀ," ಎಂದೆ.

"ದರ್ಜಿ ಪುಕ್ಕಲಾದ್ರೆ ಯಾರ ಗಂಟು ಹೋಗುತ್ತೆ? ಡ್ರೈವರು ಆಗಬಾರದು, ಅಷ್ಟೇ."

ಗಾಜಿನ ಮೇಲೆ ವೈಪರು ಆ ಕಡೆ ಈ ಕಡೆ ಹೋಗುತ್ತಿತ್ತು. ನಾನು ಅತ್ತೆ. ಮದುವೆಯಾದಾಗಿನಿಂದ ಇವರ ಮುಂದೆ ಹಾಗೆ ಅತ್ತಿರಲಿಲ್ಲ. "ನಂಗೆ ಭಯ ಆಗಿತ್ತು ರೀ," ಎಂದೆ. ಹೇಳಿದ ಮೇಲೆ ಅದು ಅಷ್ಟೊಂದು ದೊಡ್ಡ ಮಾತು ಅನ್ನಿಸಲಿಲ್ಲ. ಇವರು ಹೂಂ, ಗೊತ್ತು ಎಂದು ನನ್ನ ಮಂಡಿಯ ಮೇಲೆ ಕೈಯಿಟ್ಟರು. ಆ ಕೈ ಅಲ್ಲೇ ಇತ್ತು.

ನಾನು ಗಾಡಿ ತಿರುಗಿಸಿ ಮತ್ತೆ ಮೇಲಕ್ಕೆ ಹೋದೆ. ಇಳಿಜಾರಿನ ನಡುವೆ ಇವರು ಈ ಸಲ ಏನೂ ಹೇಳಲಿಲ್ಲ, ನಾನೇ ಒತ್ತಿದೆ, ಒತ್ತಿದಷ್ಟೂ ಒತ್ತಿದೆ. ಟೈರುಗಳು ಒದ್ದೆ ರಸ್ತೆಯನ್ನು ಕಚ್ಚಿ ಹಿಡಿದವು. ಹಿಂದೆ ಪಾತ್ರೆಗಳೆಲ್ಲ ಗಲಗಲ ಎಂದವು. ಗಾಡಿ ನಾನು ನಿಲ್ಲು ಎಂದಲ್ಲೇ ನಿಂತಿತು.

"ಆ ಎತ್ತರದ ಮೇಷ್ಟ್ರು ಕೋಟು ಹೊಲಿಸೋಕೆ ಬಂದಿದ್ದ ಕತೆ ಹೇಳಿದ್ನಾ ನಿಂಗೆ?" ಎಂದು ಶುರು ಮಾಡಿದರು ಇವರು.

ಹೇಳಿದ್ದರು, ಎಷ್ಟೋ ಸಲ ಹೇಳಿದ್ದರು. ಇಲ್ಲ ಹೇಳಿ ಎಂದು ಗೇರು ಬದಲಿಸಿದೆ.