ಪಟ್ಟಿಯ ಕೊನೆಯಲ್ಲಿದ್ದ ಸೂಲಗಿತ್ತಿ

ಬವೇರಿಯಾದ ಪ್ರಾಂತೀಯ ಶಾಸನಸಭೆಯ ಚುನಾವಣೆಗೆ ಪಕ್ಷದವರು ಸೂಲಗಿತ್ತಿ ವಾಲ್‌ಬುರ್ಗಾಳ ಹೆಸರನ್ನು ಪಟ್ಟಿಯ ಕಟ್ಟಕಡೆಗೆ ಸೇರಿಸಿದ್ದು ಬರೀ ಜಾಗ ತುಂಬಲೆಂದು. ಅಲ್ಲಿ ಪಕ್ಷಕ್ಕೆ ಬಿದ್ದ ಮತಗಳಿಗೆ ತಕ್ಕಷ್ಟು ಸ್ಥಾನಗಳು ಸಿಗುತ್ತವೆ. ಆದರೆ ಪಟ್ಟಿಯಲ್ಲಿ ಯಾರ ಹೆಸರಿಗೆ ಜನ ಹೆಚ್ಚು ಗುರುತು ಹಾಕುತ್ತಾರೋ ಅವರೇ ಮೇಲೇರುತ್ತಾರೆ.

ಎಣಿಕೆಯ ಮರುದಿನ ಅವಳು ಆಗ್ನೆಸ್ ಎಂಬವಳ ಮನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದಾಗ ವಾಲ್‌ಬುರ್ಗಾಳ ಗಂಡ ಕೊರ್ಬಿನಿಯನ್ ಓಡಿಬಂದು ಕೋಣೆಯ ಹೊರಗಿನಿಂದ ಕೂಗಿದ.

"ಲೇ ಬುರ್ಗಿ, ಗೆದ್ಬಿಟ್ಟೆ ಕಣೇ! ಪಟ್ಟಿ ಕೊನೇಲಿದ್ದೋಳು ಮೇಲಿಂದ ಎರಡನೇ ಸ್ಥಾನಕ್ಕೆ ಹಾರಿದ್ದೀಯ!"

"ಸುಮ್ನಿರ್ರೀ, ಮಗುವಿನ ತಲೆ ಕಾಣಿಸ್ತಿದೆ!"

ಆಗ್ನೆಸ್ ನೋವಿನ ನಡುವೆಯೇ ನಕ್ಕಳು. "ಬಸುರಿ ಬಾಣಂತೀರೆಲ್ಲಾ ನಿಮ್ಗೇ ಗುರುತು ಹಾಕಿದ್ವಿ ಅಕ್ಕಾ. ಈಗ್ಲೇ ಶಾಸನಸಭೆಗೆ ಅಂತ ಮ್ಯೂನಿಕ್‌ಗೆ ಓಡ್ಬೇಡಿ!"

"ಮಗು ಕೈಗೆ ಬರೋವರ್ಗೂ ಎಲ್ಲೂ ಹೋಗಲ್ಲ. ಜೋರಾಗಿ ಮುಕ್ಕು, ತಾಯಿ!"

ಮಗು ಅತ್ತಿತು. ಆಮೇಲೆಯೇ ವಾಲ್‌ಬುರ್ಗಾ ಕೈ ತೊಳೆದು ಹೊರಬಂದು, ಗಂಡನ ಕುತ್ತಿಗೆಗೆ ಜೋತುಬಿದ್ದು ತಾನೂ ಅತ್ತಳು.