ಸೊನ್ನೆಯಿಂದ ಏಳಕ್ಕೆ

ಸೈಕಲ್ ಹಿಡಿದು ನಿಂತವನ ಚಕ್ರ ನನ್ನ ಮೊಣಕಾಲಿಗೆ ತಾಗುತ್ತಿದೆ, ಸಾರಿ ಮೇಟ್ ಅನ್ನುತ್ತಾನೆ, ಸರಿಯುವುದಿಲ್ಲ, ಇರಲಿ ಬಿಡು, ರೈಲು ಮಾಸನ್ ಲೇಕ್ಸ್ ನಿಲ್ದಾಣ ಬಿಟ್ಟಾಯಿತು, ತೊಡೆಯ ಮೇಲೆ ಲ್ಯಾಪ್‌ಟಾಪ್, ವರದಿಯ ಕೊನೆಯ ಸಾಲು ಮಾತ್ರ ಬಾಕಿ — ಹಗಲೆಲ್ಲ ಒಬ್ಬರೇ ಇರುವ ಹಿರಿಯರ ಮನೆಗೆ ವಾರಕ್ಕೊಮ್ಮೆ ಒಬ್ಬರನ್ನು ಕಳಿಸುವ ಯೋಜನೆ ಫಲ ಕೊಟ್ಟಿತೋ ಇಲ್ಲವೋ, ಬೆಳಿಗ್ಗೆಯೇ ಫೋನು, ಮಾಲವಿಕಾ, ಮಧ್ಯಾಹ್ನ, ಅರ್ವೋ ಒಳಗೆ ಕಳಿಸ್ಬಿಡಿ, ಫಲ ಇಲ್ಲ ಅಂದ್ರೆ ಜೂನ್‌ಗೆ ನಿಲ್ಲಿಸ್ತಾರೆ ಅಷ್ಟೇ, ಎಂದರು ಮೇಲಧಿಕಾರಿ ಹರ್ಷವರ್ಧನ್, ಅಷ್ಟೇ ಅಂತೆ! ಅಂಕಿ ಇನ್ನೂ ಕೆಟ್ಟದ್ದನ್ನು ಹೇಳುತ್ತಿದೆ, ಭೇಟಿ ಸಿಕ್ಕ ನಮ್ಮ ಕನ್ನಡದ ಹಿರಿಯರ ಒಂಟಿತನ ಏರಿದೆ, ಹತ್ತರ ಅಳತೆಯಲ್ಲಿ ಸರಾಸರಿ ಸೊನ್ನೆಯಿಂದ ಏಳಕ್ಕೆ, ಚೀಟಿ ಎತ್ತಿದಾಗ ಹೆಸರು ಬಾರದೆ ಭೇಟಿ ತಪ್ಪಿದವರದ್ದು ಸೊನ್ನೆಯಲ್ಲೇ ಇದೆ, ಆಕಸ್ಮಿಕ ಅನ್ನುವ ಹಾಗೂ ಇಲ್ಲ, ಮೂರು ಸಲ ಪರೀಕ್ಷಿಸಿದೆ, ಹರ್ಷವರ್ಧನ್‌ಗೆ ಅಷ್ಟು ಸಾಕು, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮನುಷ್ಯ.

ಮಾಡ್ಬರಿಯ ನಾಗಮ್ಮ ಆಂಟಿ ಮನೆಗೆ ಮೊದಲ ಸಲ ಪ್ರಶ್ನೆಪಟ್ಟಿ ಹಿಡಿದು ಹೋದವಳು ನಾನೇ, ಕನ್ನಡ ಬರುವವರು ಬೇರೆ ಇರಲಿಲ್ಲ, ಟೀವಿ ಅರಚುತ್ತಿದೆ, ಆಂಟಿ, ಹೋದ ತಿಂಗಳು ಒಂಟಿ ಅನ್ನಿಸಿತ್ತಾ, ಪರವಾಗಿಲ್ಲ ಕಣಮ್ಮ, ಕಾಫಿ ಕುಡೀತೀಯಾ, ಮಾತಾಡೋಕೆ ಯಾರಾದ್ರೂ ಸಿಗ್ತಾರಾ, ಪರವಾಗಿಲ್ಲ — ಹತ್ತು ಪ್ರಶ್ನೆ, ಹತ್ತು ಪರವಾಗಿಲ್ಲ, ಹತ್ತು ಸೊನ್ನೆ ಬರೆದುಕೊಂಡು ಬಂದೆ, ನೂರಮೂರು ಜ್ವರದಲ್ಲೂ ನಮ್ಮಮ್ಮ ಪರವಾಗಿಲ್ಲ ಅಂದದ್ದನ್ನು ಕೇಳಿ ಬೆಳೆದವಳು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಆಮೇಲೆ ಆರು ತಿಂಗಳು, ಪ್ರತಿ ಗುರುವಾರ, ಯೋಜನೆಯ ಉಷಾ ಹೋಗಿ ಕೂತಳು, ಜೊತೆಗೆ ಬೆಳ್ಳುಳ್ಳಿ ಸುಲಿದಳು, ಎರಡನೇ ಸಲ ನಾನು ಅದೇ ಪ್ರಶ್ನೆ ಕೇಳಿದರೆ ಆಂಟಿ ರಿಮೋಟ್ ಎತ್ತಿಕೊಂಡರು, ಹೆಬ್ಬೆರಳು ಕೆಂಪು ಗುಂಡಿಯ ಮೇಲೆ, ಟೀವಿ ಆರಿತು, ಆ ಮನೆ ಎಷ್ಟು ನಿಶ್ಶಬ್ದ ಎಂದು ಆಗ ತಿಳಿಯಿತು, ಉಷಾ ಹತ್ರ ಹೇಳಿದೀನಿ, ನಿನ್ನ ಹತ್ರಾನೂ ಹೇಳ್ತೀನಿ, ಮಗ ಸೊಸೆ ಕೆಲಸಕ್ಕೆ ಹೋದ್ರೆ ಸಂಜೆವರೆಗೂ ನಾನು ಬಾಯೇ ಬಿಡಲ್ಲ, ಪೂರ್ವಿಗೆ ನನ್ನ ಮಾತು ಅರ್ಥ ಆಗತ್ತೆ ಕಣಮ್ಮ, ಅವಳು ಇಂಗ್ಲಿಷಲ್ಲಿ ಹೇಳೋದು ನನಗೆ ಆಗಲ್ಲ — ಮೊಮ್ಮಗಳು ಅವಳು — ಏಳು ಎಂದು ಬರೆಯುವಾಗ ನನಗೆ ಅಳು ಬಂದಿತ್ತು.

ಏಳನ್ನು ಅಳಿಸಿದರೆ ಅದು ಮೋಸ, ಹಾಗೇ ಕಳಿಸಿದರೆ ಆಂಟಿಯ ಗುರುವಾರ ಹೋಯಿತು, ಸರಿ, ಇದ್ದದ್ದನ್ನೇ ಬರೆಯುತ್ತೇನೆ, ಭೇಟಿಯಿಂದ ಏರಿದ್ದು ಒಂಟಿತನ ಎನ್ನಲಾಗದು, ಹೇಳಿಕೊಳ್ಳುವ ಧೈರ್ಯ ಇರಬಹುದು, ಮೊದಲ ಅಳತೆ ತಪ್ಪು, ತಪ್ಪು ಮಾಡಿದವಳು ನಾನು, ಹರ್ಷವರ್ಧನ್ ಏನಾದರೂ ಅಂದುಕೊಳ್ಳಲಿ, ಕಳಿಸಿಯೇಬಿಟ್ಟೆ, ಅಬ್ಬ — ಆದರೆ ಮೊದಲ ಸೊನ್ನೆಗಳು ಸುಳ್ಳಾದರೆ ಭೇಟಿ ಸಿಗದ ಆ ಮೂವತ್ತು ಮನೆ, ಅಲ್ಲಿಗೂ ನಾನೇ ಹೋಗಿದ್ದೆ, ಎರಡು ಸಲವೂ ಸೊನ್ನೆ, ಎರಡು ಸಲವೂ ಪರವಾಗಿಲ್ಲ ಕಣಮ್ಮ, ಮೂವತ್ತು ರಿಮೋಟ್, ಮೂವತ್ತು ಕೆಂಪು ಗುಂಡಿ, ಯಾರ ಹೆಬ್ಬೆರಳೂ ಮೇಲಿಲ್ಲ, ಟೀವಿ ಓಡುತ್ತಿದೆ, ಓಡುತ್ತಲೇ ಇದೆ